ಇತರೆ ವಿಷಯಗಳು: ಇಲ್ಲ

ಭಟ್ಟಿ ಓಣಿ, ದಾವಣಗೆರೆ
ಉರಿಮಾಸದ ಐವತ್ತೇಳನೆಯ ದಿನ, 2211

ಹಾಲವ್ವಜ್ಜಿಯವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಉಚ್ಚಂಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮ ಏಪ್ರಿಲ್‌ಗೂ ಮೇ ತಿಂಗಳಿಗೂ ಈಗ ಏನೂ ವ್ಯತ್ಯಾಸ ಉಳಿದಿಲ್ಲ. ಎರಡನ್ನೂ ಕೂಡಿಸಿ ಉರಿಮಾಸ ಎಂದು ಕರೆದಿದ್ದಾರೆ, ಆದ್ದರಿಂದ ನಮ್ಮಲ್ಲಿ ಒಂದು ತಿಂಗಳಿಗೆ ಐವತ್ತೇಳನೆಯ ದಿನವೂ ಇರುತ್ತದೆ. ನನ್ನ ಮಾತಿನ ಧಾಟಿ ನಿಮಗೆ ಒರಟಾಗಿ ಕಂಡರೆ ಕ್ಷಮಿಸಬೇಕು. ನಾನು ಬರವಣಿಗೆ ಕಲಿತದ್ದೇ ಸರ್ಕಾರಕ್ಕೆ ವರದಿ ಬರೆದು. ಮದುವೆಗೆ ಮುಂಚೆ ಗಂಡನಿಗೆ ಬರೆದ ಮೊದಲ ಪತ್ರವನ್ನೂ ‘ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರು ಮಾಡಿದ್ದೆ. ಆತ ಇವತ್ತಿಗೂ ಅದನ್ನು ಹೇಳಿ ನಗುತ್ತಾನೆ. ಪತ್ರದ ಮೊದಲಿಗೆ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ನಿಮ್ಮ ಕಾಲದ ಪದ್ಧತಿ ಎಂದು ಕೇಳಿದ್ದೇನೆ. ಬರೆಯಲು ಕೈ ಬರುತ್ತಿಲ್ಲ. ಈಗಾಗಲೇ ಸಾಕಷ್ಟು ಸುಳ್ಳು ಬರೆದಾಗಿದೆ.

ಈ ಪತ್ರ ಬರುತ್ತಿರುವುದು ಹಿನ್ನಂಚೆಯಲ್ಲಿ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಅದು, ಒಬ್ಬರಿಗೆ ಆಯುಸ್ಸಿನಲ್ಲಿ ಒಂದೇ ಪತ್ರ. ತಲುಪುತ್ತದೆಯೋ ಇಲ್ಲವೋ ಕಂಡವರಿಲ್ಲ. ಆದರೂ ಜನ ಬರೆಯುತ್ತಾರೆ. ಆ ದಿನ ಆ ದಾರಿಯಲ್ಲಿ ಹೋಗಬೇಡ ಎಂದು ಸತ್ತ ಮಗನಿಗೆ ಬರೆದವರಿದ್ದಾರೆ. ನಾನು ನನ್ನ ಒಂದೇ ಒಂದು ಪತ್ರವನ್ನು ಮಂಡಕ್ಕಿ ಹುರಿಯುವುದು ಹೇಗೆ ಎಂದು ಕೇಳಲು ಖರ್ಚು ಮಾಡುತ್ತಿದ್ದೇನೆ. ನಾಚಿಕೆ ಅಲ್ಲಿಂದಲೇ ಶುರುವಾಗುತ್ತದೆ.

ನೀವು ಕಟ್ಟಿದ ‘ಹಾಲವ್ವ ಮಂಡಕ್ಕಿ ಭಟ್ಟಿ’ ಇನ್ನೂ ಇದೆ. ಸರ್ಕಾರದ ಪಟ್ಟಿಯಲ್ಲಿ ಅದು ‘ಕ್ರಮಬದ್ಧ ಸಂಸ್ಥೆ’. ವರ್ಷಕ್ಕೊಮ್ಮೆ ವರದಿ ಒಪ್ಪಿಸಿದ ಸಂಸ್ಥೆಗೆ ಮಾತ್ರ ಆ ಬಿರುದು. ಒಪ್ಪಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಇದು ನಿಮ್ಮ ಕಾಲದಲ್ಲೂ ಇತ್ತೆಂದು ನಿಮ್ಮ ವರದಿಗಳನ್ನು ನೋಡಿಯೇ ತಿಳಿದಿದ್ದೇನೆ. ಆದರೆ ನಿಮಗೆ ತಪ್ಪಿದರೆ ದಂಡ ಬೀಳುತ್ತಿತ್ತಂತೆ. ನಮಗೆ ನೆರಳು ಹೋಗುತ್ತದೆ. ಊರಿನ ಓಣಿಗಳ ಮೇಲೆಲ್ಲ ಈಗ ಸರ್ಕಾರದ ಬಟ್ಟೆಯ ಚಪ್ಪರ ಉಂಟು, ಅದಿಲ್ಲದೆ ಹಗಲು ಹೊತ್ತಿನಲ್ಲಿ ಹೊರಗೆ ಕಾಲಿಡುವಂತಿಲ್ಲ. ಆ ಚಪ್ಪರವನ್ನು ಹಂಚುವುದು ಕ್ರಮಬದ್ಧ ಸಂಸ್ಥೆಗಳ ಲೆಕ್ಕದಲ್ಲಿ. ಅದಕ್ಕೆ ನೆರಳುಪಾಲು ಎನ್ನುತ್ತೇವೆ. ನಮ್ಮ ಭಟ್ಟಿಯ ನೆರಳುಪಾಲಿನಡಿ ಇಡೀ ಓಣಿ ಬದುಕುತ್ತಿದೆ. ಮಕ್ಕಳು ಅದರಡಿ ಆಡುತ್ತವೆ, ಹೆಂಗಸರು ಅದರಡಿ ನೀರಿಗೆ ಸಾಲು ನಿಲ್ಲುತ್ತಾರೆ, ಹೆಣ ಎತ್ತುವುದೂ ಅದರಡಿಯಲ್ಲೇ. ಇಡೀ ಊರಿನಲ್ಲಿ ಒಂದು ವರ್ಷವೂ ವರದಿ ತಪ್ಪಿಸದ ಮನೆ ನಮ್ಮದೊಂದೇ. ಅದಕ್ಕಾಗಿ ನಮ್ಮ ಅವ್ವನಿಗೆ ಶಾಲು ಹೊದಿಸಿದ್ದರು.

ಈಗ ಹೇಳಲೇಬೇಕಾದ ಮಾತು. ನಾನು ಮಂಡಕ್ಕಿ ತಿಂದಿಲ್ಲ. ನಮ್ಮವ್ವ ತಿಂದಿರಲಿಲ್ಲ. ನಮ್ಮ ಬಾಗಿಲ ಮೇಲಿನ ಹಳೆಯ ಫಲಕದಲ್ಲಿ ಬಿಳಿಯ ರಾಶಿಯೊಂದರ ಮುಂದೆ ನೀವು ಕುಳಿತ ಚಿತ್ರವಿದೆ. ಅದು ಮಲ್ಲಿಗೆ ಮೊಗ್ಗಿನ ರಾಶಿ ಎಂದೇ ನಾನು ಬೆಳೆದು ದೊಡ್ಡವಳಾಗುವವರೆಗೂ ತಿಳಿದಿದ್ದೆ. ಮುತ್ತಜ್ಜಿಯ ಕಾಲದಲ್ಲಿ ಸೆಕೆ ತಾಳಲಾರದೆ ಸರ್ಕಾರ ತೆರೆದ ಬೆಂಕಿಯನ್ನೇ ನಿಷೇಧಿಸಿತು. ಊರಿನ ಭಟ್ಟಿಗಳೆಲ್ಲ ಆರಿದವು. ಉಳಿದವರು ಬೇರೆ ಕೆಲಸ ಹಿಡಿದು ಹೆಸರು ಬದಲಿಸಿಕೊಂಡರು. ನಾವು ಮಾತ್ರ ಪ್ರತಿ ವರ್ಷ ಹೋಗಿ ಬರೆದು ಬಂದೆವು. ಹೆಸರು: ಅದೇ. ವಿಳಾಸ: ಅದೇ. ಕಸುಬು: ಅದೇ. ಬದಲಾವಣೆ: ಇಲ್ಲ. ನಿಷೇಧ ಇದ್ದಷ್ಟು ದಿನ ಅದಕ್ಕೊಂದು ನೆಪವಾದರೂ ಇತ್ತು. ಅವ್ವ ಚಿಕ್ಕವಳಿದ್ದಾಗಲೇ ನಿಷೇಧ ತೆಗೆದರು. ಆಗಲೂ ನಾವು ಒಲೆ ಹಚ್ಚಲಿಲ್ಲ. ಹುರಿದು ಬೆವರುವುದಕ್ಕಿಂತ ಬರೆದು ಬರುವುದು ಸುಲಭವಾಗಿತ್ತು, ಅಜ್ಜಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಜುಟ್ಟು ನಮ್ಮದು.

ನಮ್ಮ ಪಕ್ಕದ ಮನೆಯಲ್ಲಿ ಹುಸೇನವ್ವ ಇದ್ದಾಳೆ. ಅವಳದು ಚಪ್ಪರದ ಬಟ್ಟೆ ಹೊಲಿಯುವ ಕಸುಬು, ಅದೂ ಪಟ್ಟಿಯಲ್ಲಿತ್ತು. ಗಾಳಿಗೆ ಎಲ್ಲಿ ಹರಿದರೂ ಕಂಬ ಹತ್ತಿ, ತಲೆಯ ಮೇಲೆ ಬಿಸಿಲು ಸುಡುತ್ತಿದ್ದರೂ ಕುಳಿತು ಹೊಲಿದು ಇಳಿಯುವವಳು. ಹೋದ ವರ್ಷ ವರದಿ ಒಪ್ಪಿಸುವ ಕೊನೆಯ ದಿನವೇ ದೊಡ್ಡ ಗಾಳಿ ಎದ್ದು ವರದಿ ಕಚೇರಿಯ ಮುಂದಿನ ಚಪ್ಪರ ಉದ್ದಕ್ಕೂ ಸೀಳಿತು. ಸಾಲಿನಲ್ಲಿ ನಾನೂ ಇದ್ದೆ. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಸೇನವ್ವ ಕಂಬ ಹತ್ತಿದಳು. ಅವಳು ಮೇಲೆ ಹೊಲಿಯುತ್ತಿರುವಾಗ ಕೆಳಗೆ ಒಬ್ಬೊಬ್ಬರೇ ಒಪ್ಪಿಸಿ ಹೊರಟರು, ನಾನೂ ಒಪ್ಪಿಸಿದೆ. ಅವಳು ಇಳಿಯುವ ಹೊತ್ತಿಗೆ ಕಿಟಕಿ ಮುಚ್ಚಿತ್ತು. ಹೆಸರು ಹೊಡೆದುಹಾಕಿದರು. ಹೆಸರು ಹೋದವರ ನೆರಳುಪಾಲು ಪಕ್ಕದ ಕ್ರಮಬದ್ಧ ಸಂಸ್ಥೆಗೆ ಸೇರುವುದು ಕಾನೂನು. ನಮಗೆ ಕಾಗದ ಬಂತು. ‘ಒಪ್ಪಿಗೆ’ ಎಂದು ಬರೆದು ಕೊಟ್ಟೆ. ಅಭ್ಯಾಸದ ಕೈ. ಅವಳ ಮನೆಯ ಮುಂದಿನ ಬಟ್ಟೆ ಬಿಚ್ಚಿ ನಮ್ಮ ಅಂಗಳದ ಮೇಲೆ ಕಟ್ಟಿದರು.

ಅವಳು ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬರಲಿಲ್ಲ. ಒಂದು ದಿನ ಹೊಲಿಗೆಯ ಗಂಟು ಹೊತ್ತು ನಮ್ಮ ಹೊಸಿಲ ಹೊರಗೆ ನಿಂತು ಕೇಳಿದಳು: “ಉಚ್ಚಂಗಕ್ಕಾ, ಇಲ್ಲೊಂದು ಮೂಲ್ಯಾಗ ಕುಂತ್ಕಂಡು ಹೊಲೀಲೇನು? ನಮ್ಮನಿ ಮುಂದ ಬಿಸಿಲು ಭಾಳ ಆಗೇತಿ.” ತನ್ನದೇ ನೆರಳಿನಲ್ಲಿ ಕೂರಲು ಅವಳು ನನ್ನ ಅಪ್ಪಣೆ ಕೇಳುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಎನಿಸಿತು. “ಕೂತ್ಕೋ ಬಾರವ್ವ” ಎಂದೆ. ಅಂದಿನಿಂದ ಅವಳು ಆರಿದ ಒಲೆಯ ಪಕ್ಕದಲ್ಲಿ ಕುಳಿತು ದುಡಿಯುತ್ತಾಳೆ. ನಾನು ಅವಳೆದುರು ಕುಳಿತು ಮುಂದಿನ ವರ್ಷದ ವರದಿಯನ್ನು ಅಂದವಾಗಿ ನಕಲು ಮಾಡುತ್ತೇನೆ.

ಈ ವರ್ಷ ಬೊಗಸೆ ನಿಯಮ ಬಂದಿದೆ. ಹೆಸರಿಗೆ ಮಾತ್ರ ಬದುಕಿರುವ ಸಂಸ್ಥೆಗಳು ಹೆಚ್ಚಾಗಿವೆಯೆಂದು ಯಾರೋ ಪುಣ್ಯಾತ್ಮರು ತಂದ ನಿಯಮ. ವರದಿಯ ಜೊತೆಗೆ ತಾನು ಮಾಡಿದ್ದನ್ನು ಒಂದು ಬೊಗಸೆ ತಂದು ಕಿಟಕಿಯ ಮುಂದೆ ಸುರಿಯಬೇಕು. ಸುರಿಯಲಾರದವರ ಹೆಸರು ಅಲ್ಲೇ ಹೋಗುತ್ತದೆ. ಒಪ್ಪಿಸುವ ದಿನ ನಾಳೆ. ಡಂಗುರ ಕೇಳಿ ಓಣಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ದೊಡ್ಡಪ್ಪ ನೀಲಕಂಠಪ್ಪ, ನಮ್ಮ ಮನೆಯ ಹಿರಿಯ, ವಿನಾಯಿತಿಗೆ ಅರ್ಜಿ ಗುಜರಾಯಿಸೋಣ ಎಂದರು. ನಮ್ಮ ಮನೆತನದ ಬುದ್ಧಿ ಓಡುವುದೇ ಆ ಕಡೆ. ಹುಸೇನವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಸೂಜಿ ನಿಲ್ಲಿಸಿ ತಲೆ ಎತ್ತಿದಳು.

“ಅರ್ಜಿ ಯಾಕ್ರೀ ಯಜಮಾನ್ರ? ಒಂದು ಬೊಗಸಿ ಹುರಿದು ಒಯ್ದ್ರ ಆತಲ್ಲ. ಭಟ್ಟಿ ಮನಿಯವ್ರಿಗೆ ಹುರಿಯಾಕ ಬರಂಗಿಲ್ಲೇನು?”

ಹಿಂದೆ ನಿಂತಿದ್ದ ಯಾರೋ ನಕ್ಕರು. ಏಳು ತಲೆಮಾರಿನ ಹೆಸರು ಹೊತ್ತ ದೊಡ್ಡಪ್ಪ ಮೇಲುವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದರು.

ಆಮೇಲೆ ಹುರಿದೆವು, ಅಜ್ಜಿ. ಹುರಿಯಲಿಲ್ಲ ಎನ್ನಬೇಡಿ. ಬಾಂಡಲಿ ಕಾಯಿಸಿ ಅಕ್ಕಿ ಸುರಿದೆವು, ಕೆಂಪಗಾಗಿ ಕರಕಲಾಯಿತು. ಉರಿ ತಗ್ಗಿಸಿದೆವು, ಅಕ್ಕಿ ಬಿಸಿಯಾಗಿ ಸುಮ್ಮನೆ ಕುಳಿತಿತು. ನೆನೆಸಿ ಹಾಕಿದರೆ ಬಾಂಡಲಿಗೆ ಅಂಟಿ ಅಂಬಲಿಯಾಯಿತು. ದೊಡ್ಡಪ್ಪ ಈಗಿನ ಅಕ್ಕಿಯೇ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಓಣಿಯ ಮಕ್ಕಳು ಸುತ್ತ ನಿಂತು, ಒಂದು ಕಾಳಾದರೂ ಅರಳುತ್ತದೆಂದು ಕಾದು ಕಾದು, ಬೇಸತ್ತು ಹೋದವು. ಒಲೆಯ ಪಕ್ಕದಲ್ಲಿ ಹಿಂದಿನಿಂದಲೂ ಕರಿಯ ಮರಳಿನ ಒಂದು ಗುಡ್ಡೆ ಇದೆ. ಅದನ್ನು ಎಸೆಯಬಾರದೆಂದು ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಮಾತು ಬಂದಿದೆ. ಯಾಕೆಂಬುದು ಬಂದಿಲ್ಲ. ಮನೆಯ ಬೆಕ್ಕು ಅದನ್ನು ತನ್ನ ಉಪಯೋಗಕ್ಕೆ ಇಟ್ಟುಕೊಂಡಿದೆ.

ಕೇಳೋಣವೆಂದರೆ ಬಲ್ಲವರಿಲ್ಲ. ನಿಮ್ಮ ಕಾಲದ ಚಿತ್ರ, ಮಾತು, ಹಾಡುಗಳನ್ನೆಲ್ಲ ತುಂಬಿಟ್ಟಿದ್ದ ಯಂತ್ರಗಳು ಸೆಕೆಗೆ ಕೆಟ್ಟುಹೋದವು. ಉಳಿದದ್ದು ಕಾಗದಕ್ಕೆ ಇಳಿಸಿದ ಸರ್ಕಾರಿ ವರದಿಗಳು ಮಾತ್ರ. ಹಾಗಾಗಿ ಕಚೇರಿಯಿಂದ ನಮ್ಮ ಭಟ್ಟಿಯ ವರದಿಗಳ ನಕಲು ತರಿಸಿದೆ. ಒಂದೂ ತಪ್ಪಿಲ್ಲ, ಎಲ್ಲ ಇವೆ. ಓದುತ್ತ ಹೋದೆ. ಭಟ್ಟಿಯ ಹೆಸರು ಗೊತ್ತಾಯಿತು, ಬಾಗಿಲು ಯಾವ ದಿಕ್ಕಿಗೆಂದು ಗೊತ್ತಾಯಿತು, ಸರ್ಕಾರದ ಕಾಗದ ಬಂದರೆ ಯಾರ ಕೈಗೆ ಕೊಡಬೇಕೆಂದು ಗೊತ್ತಾಯಿತು. ಒಳಗೆ ಏನು ನಡೆಯುತ್ತಿತ್ತು ಎಂಬುದು ಎಲ್ಲೂ ಇಲ್ಲ. ಪ್ರತಿ ವರದಿಯ ಕೊನೆಗೆ ‘ಇತರೆ ವಿಷಯಗಳು’ ಎಂಬ ಖಾಲಿ ಜಾಗವಿದೆ, ಬೇಕಾದ್ದು ಬರೆಯಬಹುದು. ಅಲ್ಲಿ ನೀವು ನಿಮ್ಮ ದುಂಡು ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಿದ್ದೀರಿ. ನಿಮ್ಮ ಮಗಳು ‘ಇಲ್ಲ’ ಎಂದಿದ್ದಾಳೆ. ಅವಳ ಮಗಳು, ಅವಳ ಸೊಸೆ, ನಮ್ಮಜ್ಜಿ, ನಮ್ಮವ್ವ, ಕೊನೆಗೆ ನಾನು. ನೀವು ಬೆಳಗಿನಿಂದ ಬೆವರಿ, ಹುರಿದು, ಮಾರಿ, ಸುಸ್ತಾಗಿ ಬಂದು ಬರೆದ ‘ಇಲ್ಲ’ ಅದು. ನಾನು ನೆರಳಿನಲ್ಲಿ ಕುಳಿತು ಬರೆದದ್ದೂ ಅದೇ ‘ಇಲ್ಲ’. ಕಾಗದದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಅದನ್ನು ನೋಡಿ ಅತ್ತುಬಿಟ್ಟೆ.

ಆದ್ದರಿಂದ ನನ್ನ ವಿನಂತಿ. ಈ ಪತ್ರ ತಲುಪಿದ ವರ್ಷ ನೀವು ವರದಿ ಒಪ್ಪಿಸಲು ಹೋದಾಗ ಕೊನೆಯ ಜಾಗದಲ್ಲಿ ‘ಇಲ್ಲ’ ಎಂದು ಬರೆಯಬೇಡಿ. ಮಂಡಕ್ಕಿ ಹೇಗೆ ಹುರಿಯುತ್ತೀರೆಂದು ಬರೆಯಿರಿ. ಅಕ್ಕಿಗೆ ಮೊದಲು ಏನು ಮಾಡಬೇಕು, ಉಪ್ಪು ಹಾಕುವುದುಂಟೋ ಇಲ್ಲವೋ, ಉರಿ ಎಷ್ಟು, ಆ ಕರಿ ಮರಳು ಯಾತಕ್ಕೆ. ಕಚೇರಿಯವರು ಇದೆಲ್ಲ ಯಾಕೆಂದು ಕೇಳಿದರೂ ಅಳಿಸಬೇಡಿ. ಅವರು ಓದುವುದಿಲ್ಲ, ಆದರೆ ಜೋಪಾನವಾಗಿ ಇಡುತ್ತಾರೆ. ನಿಮ್ಮ ಮಾತಿನಂತೆ ಹುರಿದು ಅಕ್ಕಿ ಅರಳಿದರೆ, ನಾಳೆ ನಮ್ಮ ವರದಿಯ ‘ಬದಲಾವಣೆ’ ಎಂಬಲ್ಲಿ ಮೊದಲ ಬಾರಿಗೆ ‘ಇದೆ’ ಎಂದು ಬರೆಯುತ್ತೇನೆ. ಅದರ ಕೆಳಗೆ ಪಾಲುದಾರಳೆಂದು ಹುಸೇನವ್ವನ ಹೆಸರು ಸೇರಿಸುತ್ತೇನೆ. ಆಗ ಅವಳ ನೆರಳು ಅವಳಿಗೆ ಮರಳುತ್ತದೆ. ಅವಳಿಗೆ ಹೇಳಿದೆ. “ಸುಳ್ಳು ಕಾಗದದಾಗ ನನ್ನ ಹೆಸರು ಬ್ಯಾಡಕ್ಕಾ. ಮೊದಲು ಅಕ್ಕಿ ಅರಳಲಿ” ಎಂದಳು. ಅರಳದಿದ್ದರೆ ಅವಳಿಗೂ ನೆರಳಿಲ್ಲ, ಓಣಿಗೂ ಇಲ್ಲ. ತಪ್ಪು ನಮ್ಮದು, ಬಿಸಿಲು ಎಲ್ಲರಿಗೆ.

ನಿಮ್ಮ ವರದಿಗಳಲ್ಲಿ ಒಂದನ್ನು ಮಾತ್ರ ನಾನು ಕೊನೆಯವರೆಗೆ ಓದಿಲ್ಲ. ಈ ಪತ್ರ ತಲುಪಬೇಕಾದ ವರ್ಷದ್ದು ಅದು, ನೀವು ಉತ್ತರ ಬರೆದಿದ್ದರೆ ಅದರಲ್ಲೇ ಇರುತ್ತದೆ. ಅದೀಗ ನನ್ನ ಮುಂದೆ ಇದೆ. ಬಲಗೈಯಿಂದ ಇದನ್ನು ಬರೆಯುತ್ತಿದ್ದೇನೆ, ಎಡಗೈಯಿಂದ ಅದರ ಕೊನೆಯ ಸಾಲನ್ನು ಮುಚ್ಚಿಕೊಂಡಿದ್ದೇನೆ. ಪತ್ರ ಅಂಚೆಗೆ ಬಿದ್ದ ಮೇಲೆ ಕೈ ತೆಗೆಯುತ್ತೇನೆ. ದೊಡ್ಡಪ್ಪ ಒಲೆ ಹಚ್ಚಿ ಕುಳಿತಿದ್ದಾರೆ. ಹುಸೇನವ್ವ ಮರಳಿನ ಗುಡ್ಡೆಯಿಂದ ಬೆಕ್ಕನ್ನು ಅಟ್ಟಿ, ಸೆರಗಿನಲ್ಲಿ ಅಕ್ಕಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ.

ತಲೆ ತಗ್ಗಿಸಿ,
ನಿಮ್ಮ ಉಚ್ಚಂಗಿ