ಶಿವಮ್ಮಕ್ಕನ ಪಟ್ಟಿಯ ಕೊನೆಯ ಸಿನಿಮಾ

ನೆಗೆಣ್ಣಿ ಶಿವಮ್ಮಕ್ಕಗೆ,

ನಮಸ್ಕಾರ ಬರೆಯುವುದಿಲ್ಲ. ನಿನ್ನನ್ನು ಮಣ್ಣು ಮಾಡಿದ ದಿನ ನಾನು ಎಷ್ಟು ಅತ್ತೆ ಎಂದು ಮಕ್ತಲ್‌ನ ನಮ್ಮ ಓಣಿಯ ಮಂದಿಯನ್ನು ಕೇಳು. ಒಬ್ಬಾಕೆ ಬಂದು, "ಬಸಮ್ಮ, ಸಾಕು ಮಾಡು, ಆಕಿ ಏನ್ ನಿನ್ನ ಒಡಹುಟ್ಟಿದಾಕಿ ಅಲ್ಲ" ಅಂದಳು. "ಒಡಹುಟ್ಟಿದಾಕಿ ಇದ್ದೂ ಇಲ್ಲದಂಗ ಆಗ್ಯಾಳ, ನನಗಿದ್ದಾಕಿ ಈಕಿ ಒಬ್ಬಾಕೆ" ಎಂದು ಅವಳ ಮೇಲೆ ಹರಿಹಾಯ್ದೆ. ಆ ಕಣ್ಣೀರನ್ನೆಲ್ಲ ಈಗ ವಾಪಸು ಕೊಡು. ನೀನು ನನ್ನ ಗಂಡನ ಅಣ್ಣನ ಹೆಂಡತಿ. ನಲವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದೆವು. ಗದ್ವಾಲದ ನನ್ನ ತಂಗಿ ಗೌರಿಯನ್ನು ನನ್ನಿಂದ ದೂರ ಮಾಡಿದವಳು ನೀನೇ ಎಂದು ಇದ್ದಾಗ ಹೇಳಲು ನಿನಗೆ ಬಾಯಿ ಬರಲಿಲ್ಲ. ಸತ್ತ ಮೇಲೆ ಟೀವಿಯಿಂದ ಹೇಳಿಸಿದೆ. ಎಂಥವಳೇ ನೀನು?

ಹಾಸಿಗೆ ಹಿಡಿದ ಮೇಲೆ ಒಂದು ದಿನ ನೀನು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕಿತ್ತು, ಅವುಗಳ ಬೆನ್ನಿಗೆ ಏನೋ ಬರೆಯುತ್ತಿದ್ದೆ. "ಏನ್ ಬರಿಯಾಕತ್ತೀದಿ ಅಕ್ಕ? ಮನಿ ಯಾರಿಗೆ, ಹೊಲ ಯಾರಿಗೆ ಅಂತನಾ?" ಎಂದು ಕಾಡಿಸಿದೆ. "ಹೂನವಾ, ನಿನಗ ಬರದಿಡಾಕತ್ತೀನಿ. ನಾ ಹೋದ ಮ್ಯಾಲೆ ಟೀವಿ ಮುಂದ ಕುಂತು ಯಾವ ಹಾಳುಮೂಳು ನೋಡ್ತೀದಿಯೋ ಅಂತ ಚಿಂತಿ ಆಗೇತಿ" ಅಂದೆ. ನೋಡಲೇಬೇಕಾದ ಸಿನಿಮಾಗಳ ಪಟ್ಟಿ ಅದು. ನನಗೆ ಬರುವುದು ಮೂರನೇ ಇಯತ್ತೆಯ ಕನ್ನಡ. ತೆಲುಗು ಬಾಯಲ್ಲಿ ಉಂಟು, ಕಣ್ಣಿಗೆ ಹತ್ತುವುದಿಲ್ಲ. ನೀನೋ ಸಿನಿಮಾ ಪೋಸ್ಟರ್ ನೋಡಿ ನೋಡಿಯೇ ತೆಲುಗು ಅಕ್ಷರ ಕಲಿತವಳು. ಟೀವಿಯ ಮೇಲೆ ಬೀಳುವ ಹೆಸರು ನನಗೆ ಓದಲು ಬರುವುದಿಲ್ಲವೆಂದು, ಪ್ರತಿ ಸಿನಿಮಾಕ್ಕೂ ಹೆಸರಿನ ಬದಲು ಅದು ಶುರುವಾಗುವ ಬಗೆ ಬರೆದಿದ್ದೆ. ಅಷ್ಟು ಕಾಳಜಿ! ಅದನ್ನು ಕಂಡು ನಾನು ಕರಗಿಹೋಗಿದ್ದೆ.

ಹಾವಿನದು ನಾಗರಪಂಚಮಿಗೆ ಬಂದೇ ಬರುತ್ತದೆ ಎಂದಿದ್ದೆ, ಬಂತು. "ಹುತ್ತದ ಮುಂದ ಹಾಲಿನ ಬಟ್ಲ ಉಳ್ಳತೈತಿ, ಅಲ್ಲಿಂದ ಸುರು. ಸೊಸಿನ ಬಾಜೂಕ ಕುಂದರಿಸ್ಕೊಂಡು ನೋಡು, ಹೆದರಿ ನಿನ್ನ ಮಾತು ಕೇಳ್ತಾಳ" ಎಂದು ಬರೆದಿದ್ದೆ. ಸುಜಾತ ಎಲ್ಲಿ ಹೆದರುತ್ತಾಳೆ? "ಅತ್ತಿ, ಅದು ರಬ್ಬರ್ ಹಾವ್ರಿ. ಬಾಲದಾಗ ದಾರ ಕಾಣ್ತೈತಿ ನೋಡ್ರಿ" ಎಂದು ಬಿದ್ದು ಬಿದ್ದು ನಕ್ಕಳು. ಮೀಸೆಯವನ ಹೊಡೆದಾಟದ ಚಿತ್ರಕ್ಕೆ, "ಸೌಂಡ್ ಬಂದ್ ಮಾಡಿ ನೋಡು, ಕುಣಿತ ನೋಡಿದಂಗ ಆಕ್ಕೈತಿ" ಎಂದಿದ್ದೆ. ಹಾಗೇ ನೋಡಿದೆ. ಇಪ್ಪತ್ತು ಜನ ಗಾಳಿಯಲ್ಲಿ ಹಾರಿ ಮೆತ್ತಗೆ ಬೀಳುತ್ತಿದ್ದರು. ಈ ಮುದುಕಿಗೆ ಇದೆಲ್ಲ ಹೇಗೆ ಹೊಳೆಯುತ್ತಿತ್ತು ಎಂದುಕೊಂಡೆ.

ಒಂದು ಮಧ್ಯಾಹ್ನ ಕಳ್ಳರದು ಬಂತು. ಇಬ್ಬರು ಗೋಡೆ ಹಾರಿ ಬೀಳುತ್ತಾರೆ, ಬಿದ್ದದ್ದು ಪೊಲೀಸ್ ಠಾಣೆಯ ಅಂಗಳದಲ್ಲಿ. "ಉಣ್ಣೋ ಮುಂದ ಇದನ್ನ ನೋಡಬ್ಯಾಡ, ನೆತ್ತಿಗೆ ಹತ್ತತೈತಿ" ಎಂದು ಬರೆದದ್ದನ್ನು ಮರೆತು ತಟ್ಟೆ ಹಿಡಿದು ಕುಳಿತೆ. ನೆತ್ತಿಗೆ ಹತ್ತಿಯೇ ಬಿಟ್ಟಿತು. ಕೆಮ್ಮುತ್ತಾ ತಲೆ ತಟ್ಟಲು ನೀನಿದ್ದೀಯೇನೋ ಎಂದು ಪಕ್ಕಕ್ಕೆ ತಿರುಗಿದೆ. ಅವತ್ತೂ ನೀನು ನನಗೆ ದೇವರಂಥವಳೇ.

ಹಿಂದಿಯದೊಂದಿತ್ತು, ಕೋರ್ಟಿನದು. "ಹಿಂದಿ ಬರಂಗಿಲ್ಲ ಅನಬ್ಯಾಡ, ಬಳಿ ಮಾರಾವನ ಜೊತಿ ಜಗಳ ಆಡಾಕ ಬರ್ತೈತಲ್ಲ, ಅಷ್ಟು ಸಾಕು" ಎಂದು ಬರೆದಿದ್ದೆ. ಅದನ್ನು ನಾವಿಬ್ಬರೂ ಕೂಡಿ ಹಿಂದೊಮ್ಮೆ ನೋಡಿದ್ದೆವು. ಕಟಕಟೆಯಲ್ಲಿ ನಿಂತು ಒಬ್ಬ ಸುಳ್ಳು ಸಾಕ್ಷಿ ಹೇಳುವಾಗ ನೀನು ಟೀವಿಗೆ ಬೆರಳು ಮುರಿದು, "ಇವನ ಬಾಯಾಗ ಮಣ್ಣು ಬೀಳ್ಲಿ" ಎಂದು ಶಾಪ ಹಾಕಿದ್ದೆ. ನೆನಪಿದೆಯೇ? ಆಗ ನಿನ್ನ ನಾಲಿಗೆ ತಡವರಿಸಲಿಲ್ಲವೇ? ಒಂದೇ ಸೀರೆಯನ್ನು ಸರದಿಯ ಮೇಲೆ ಉಡುವ ಅಕ್ಕತಂಗಿಯರ ಕಪ್ಪುಬಿಳುಪಿನ ಚಿತ್ರ ಬಂದಾಗಲೆಲ್ಲ "ಬಂದ್ ಮಾಡಕ್ಕ, ಗೌರಿ ನೆನಪಾಗ್ತಾಳ" ಅನ್ನುತ್ತಿದ್ದೆ. ನೀನು ತುಟಿ ಎರಡು ಮಾಡದೆ ಬಂದ್ ಮಾಡುತ್ತಿದ್ದೆ. ನನ್ನ ಸಂಕಟ ನೋಡಲಾರದೆ ಸುಮ್ಮನಿದ್ದೀ ಎಂದು ತಿಳಿದಿದ್ದೆ. ಈಗ ಗೊತ್ತಾಗುತ್ತಿದೆ, ಆ ಸುಮ್ಮನಿರುವಿಕೆ...

ನನ್ನ ಮಗಳು ನಿಂಗಮ್ಮನ ಮದುವೆ ನಿಶ್ಚಯವಾದಾಗ ನನ್ನ ಕಾಲು ಉಳುಕಿತ್ತು. ಒಡಹುಟ್ಟಿದವರಿಗೆ ಕಾರ್ಡು ಕಳಿಸಿದರೆ ಕರೆದಂತಲ್ಲ. ಮನೆಗೆ ಹೋಗಿ, ಕುಂಕುಮ ಹಚ್ಚಿ, ಕೈಯಲ್ಲಿ ಅಕ್ಷತೆ ಹಾಕಿ "ಬರ್ರಿ" ಅನ್ನಬೇಕು. "ನಾ ಹೋಗಿ ಬರ್ತೀನಿ, ಗೌರಿ ನನಗೂ ತಂಗಿ ಅಲ್ಲೇನು" ಎಂದು ನೀನೇ ಅಕ್ಷತೆಯ ಗಂಟು ಇಸಿದುಕೊಂಡು ಜೂರಾಲ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದೆ. ಸಂಜೆ ಬಂದವಳು ಮುಖ ಸಣ್ಣದು ಮಾಡಿಕೊಂಡು ಕುಳಿತೆ. ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟೆ. "ಕಾಳು ಚೆಲ್ಲಿ ಕರದ್ರ ಬರಾಕ ನಾನೇನ್ ಕೋಳಿ ಏನು, ಅಂದ್ಲವಾ ನಿನ್ನ ತಂಗಿ. ಕುಡಿಯಾಕ ನೀರು ಸೈತ ಕೊಡ್ಲಿಲ್ಲ."

ಕೋಳಿ! ಆ ಒಂದು ಮಾತು ನನ್ನ ಎದೆಯಲ್ಲಿ ಎಷ್ಟು ವರ್ಷ ಕೆದಕಿತು ಗೊತ್ತೇ? ಮದುವೆಗೆ ಗೌರಿ ಬರಲಿಲ್ಲ. ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅವಳ ಗಂಡ ತೀರಿಕೊಂಡಾಗ ಮಗನನ್ನು ಕಳಿಸಿದೆ, ನಾನು ಹೊಸ್ತಿಲು ದಾಟಲಿಲ್ಲ. ನಿಂಗಮ್ಮನ ಮಗಳು ಈಗ ಎಂಟನೇ ಇಯತ್ತೆ ಓದುತ್ತಿದ್ದಾಳೆ. ಚಿಕ್ಕಜ್ಜಿ ಒಬ್ಬಳಿದ್ದಾಳೆ ಎಂದು ಆ ಕೂಸಿಗೆ ಗೊತ್ತೇ ಇಲ್ಲ.

ಪಟ್ಟಿಯ ಕೊನೆಯದಕ್ಕೆ ನೀನು ಬರೆದದ್ದು ಇಷ್ಟೇ: "ಹಸರು ಸೀರಿಯಾಕಿ ಬಾವ್ಯಾಗ ನೀರು ಸೇದ್ತಾಳ, ಹಗ್ಗ ಹರೀತೈತಿ. ಒಬ್ಬಾಕೇ ಕುಂತು ನೋಡು. ಮುಗದ ಮ್ಯಾಲೆ ಹಾಳಿ ತಿರುವು." ಮುಗಿಯುವ ಮೊದಲೇ ಕಡೆಗೇನಾಯಿತು ಎಂದು ಕೇಳಿದವರಿಗೆ ನೀನು ಬೈಯುತ್ತಿದ್ದೆಯಲ್ಲ, ಆ ಬೈಗುಳಕ್ಕೆ ಹೆದರಿ, ನೀನು ಸತ್ತ ಮೇಲೂ ಹಾಳೆ ತಿರುವದೆ ಕಾದ ಹುಚ್ಚಿ ನಾನು. ಹೋದ ಭಾನುವಾರ ಮಧ್ಯಾಹ್ನ ಬಾವಿ ಕಂಡಿತು, ಹಸಿರು ಸೀರೆ ಕಂಡಿತು, ಹಗ್ಗ ಹರಿಯಿತು. ಸೊಸೆಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಚಲೋ ಇತ್ತು, ಸುಳ್ಳು ಯಾಕೆ ಹೇಳಲಿ. ಅರ್ಧ ದಾಟಿದ ಮೇಲೆ ಹುಡುಗಿಯ ಸೋದರತ್ತೆ ಬಾಗಿಲಲ್ಲಿ ನಿಂತು, ಮೂಗಿನ ನತ್ತು ಕುಣಿಸುತ್ತಾ ಅಂದಳು: "ಗಿಂಜಲು ಚಲ್ಲಿ ಪಿಲಿಸ್ತೇ ರಾವಡಾನಿಕಿ ನೇನು ಕೋಡಿನಾ?"

ಕಾಳು ಚೆಲ್ಲಿ ಕರೆದರೆ ಬರಲು ನಾನು ಕೋಳಿಯೇ? ಅದೇ ಮಾತು, ತೆಲುಗಿನಲ್ಲಿ. ಆಮೇಲೆ ಯಾರು ಯಾರನ್ನು ಮದುವೆಯಾದರೋ ಕಾಣಲಿಲ್ಲ. ಹಾಳೆ ತಿರುವಿದೆ. ತಾರೀಖುಗಳ ಸಂದಿಯಲ್ಲಿ ಬರೆದದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ನಿಂಗಮ್ಮನ ಮದುವಿ ಅಕ್ಷತಿ ತಗೊಂಡು ಹೋದ ದಿನ ಗದ್ವಾಲದಾಗ ಟಾಕೀಸಿಗೆ ಹೋಗಿ ಇದನ್ನ ನೋಡಿದೆ. ಮುಗಿಸ್ಕೊಂಡು ಗೌರಿ ಮನಿಗೆ ಹೋಗಬೇಕು ಅಂತ ಇದ್ದೆ. ಪರದಿ ಮ್ಯಾಲೆ ತಾಳಿ ಕಟ್ಟೋ ಮುಂದ ಮಂದಿ ಎಲ್ಲ ಎದ್ದು ಹೂವು, ಕಾಗದ ತೂರಿದ್ರು. ನನ್ನ ಉಡಿಯಾಗ ಅಕ್ಷತಿ ಇತ್ತು. ಮೈಮ್ಯಾಲೆ ಖಬರಿಲ್ಲದ ತೂರಿಬಿಟ್ಟೆ. ಬರಿಗೈಲೆ ಹೆಂಗ ಕರೀಲಿ? ತಿರುಗಿ ಬಂದೆ. ಕೋಳಿ ಮಾತು ಗೌರಿದಲ್ಲ. ಸಿನಿಮಾ ಚಲೋ ಐತಿ."

ಸಿನಿಮಾ ಚಲೋ ಐತಿ! ಅಲ್ಲ ಅಕ್ಕ, ನನ್ನ ಮಗಳ ಮದುವೆಯ ಅಕ್ಷತೆಯನ್ನು ಪರದೆಯ ಮೇಲಿನ ಬಣ್ಣದ ಮಂದಿಗೆ ಹಾಕಿ ಬಂದೆಯಾ? ಅವರೇನು ನಿನ್ನ ಬಳಗವೇ? ಆವತ್ತು ಬಂದು "ಬಸಮ್ಮ, ಹಿಂಗಾತು" ಅಂದಿದ್ದರೆ ನಾಲ್ಕು ದಿನ ಬೈದು, ಮತ್ತೊಂದು ಹಿಡಿ ಅಕ್ಕಿಗೆ ಅರಿಶಿಣ ಹಚ್ಚಿ ಕೊಡುತ್ತಿದ್ದೆ. ಮದುವೆಗೆ ಇನ್ನೂ ಒಂಬತ್ತು ದಿನ ಇತ್ತು. ಒಂಬತ್ತು ದಿನ! ಆಮೇಲೆಯೂ ಎಷ್ಟು ಸಲ ನಿನ್ನೆದುರು ಗೌರಿಯನ್ನು ಹಳಿದೆ. ನೀನು ಅವರೆಕಾಯಿ ಸುಲಿಯುತ್ತಾ "ಹೋಗ್ಲಿ ಬಿಡವಾ" ಅನ್ನುತ್ತಿದ್ದೆ. ಹೋಗಲಿ ಬಿಡು ಅನ್ನಲು ನಿನ್ನದೇನು ಹೋಗಿತ್ತು?

ಮರುದಿನವೇ ಗದ್ವಾಲದ ಬಸ್ಸು ಹತ್ತಿದೆ. "ಒಬ್ಬಾಕೇ ಹೊಂಟೀದಿ ಏನಜ್ಜಿ?" ಎಂದು ಕಂಡಕ್ಟರಮ್ಮ ಕೇಳಿದ್ದಕ್ಕೆ, "ಇನ್ನೊಬ್ಬರನ್ನ ಕಳಿಸಿ ನೋಡೀನವಾ, ಸಾಕಾಗೇತಿ" ಅಂದೆ. ಗೌರಿ ಕಟ್ಟೆಯ ಮೇಲೆ ಮೊರ ಹಿಡಿದು ಕುಳಿತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ತಲೆ ಎತ್ತಿ, "ಯಾರ್ ಬೇಕಾಗಿತ್ರಿ?" ಅಂದಳು. ನನ್ನ ತಂಗಿ ನನಗೆ 'ರಿ' ಹಚ್ಚಿದಳು. ಕಣ್ಣು ಮಂದವಾಗಿತ್ತೋ, ಮನಸ್ಸೋ.

"ನಾನು, ಗೌರಿ. ಬಸಮ್ಮ."

"ಹೌದ್ರಿ? ನನಗೊಬ್ಬಾಕಿ ಅಕ್ಕ ಇದ್ಲು, ಅದ ಹೆಸರು. ಮಗಳ ಮದುವಿ ಮಾಡಿದ್ಲಂತ. ತರಕಾರಿ ಮಾರಾಕಿ ಹೇಳಿದ್ಲು ನನಗ."

ನಿಂತಲ್ಲೇ ಎಲ್ಲ ಹೇಳಿದೆ. ಸಿನಿಮಾ, ಅಕ್ಷತೆ, ಕೋಳಿ, ಹಾಳೆ. ಹೇಳುತ್ತಾ ಹೇಳುತ್ತಾ ನಿನಗೆ ಬೈದೆ, ಅವಳೂ ಬೈಯುತ್ತಾಳೆ ಎಂದು ಕಾದೆ. ಅವಳು ಮೊರ ಕೆಳಗಿಟ್ಟಳು.

"ಶಿವಮ್ಮಕ್ಕ ಸುಳ್ಳು ಹೇಳಿದ್ಲು, ಆತು. ಹೊರಗಿನಾಕಿ. ನೀ ಯಾಕ ನಂಬಿದಿ? ನಾ ಹುಟ್ಟಿದಾಗಿಂದ ನನ್ನ ಎತ್ತಿ ಆಡಿಸೀದಿ. ನನ್ನ ಬಾಯಾಗ ಅಂಥಾ ಮಾತು ಬರ್ತೈತೇನಬೇ?"

ಬರುವುದಿಲ್ಲ, ಅವಳ ಬಾಯಲ್ಲಿ ಅಂಥ ಮಾತು ಎಂದೂ ಬರುವುದಿಲ್ಲ. ಬಂದರೆ ನನ್ನ ಬಾಯಲ್ಲಿ ಬರಬೇಕು. ಯಾರಾದರೂ ಇನ್ನೊಬ್ಬರ ಕೈಯಲ್ಲಿ ನನಗೆ ಅಕ್ಷತೆ ಕಳಿಸಿದ್ದರೆ ನಾನು ಅದನ್ನೇ ಅನ್ನುತ್ತಿದ್ದೆ. ಅದಕ್ಕೇ ನಂಬಿದೆನೇನೋ. ಇದನ್ನು ಅವಳಿಗೆ ಹೇಳಲಾಗಲಿಲ್ಲ. ನಿನ್ನ ತಪ್ಪು ಇದರಿಂದ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ, ತಿಳಿದಿರಲಿ.

ಉಣ್ಣಲು ಕೊಟ್ಟಳು. ರೊಟ್ಟಿ, ಪುಂಡಿಪಲ್ಯ. ಹೊರಡುವಾಗ "ಹೋಗಿ ಬರ್ತೀನಿ ಗೌರಿ" ಅಂದೆ. "ಹೂಂ, ಹೋಗ್ರಿ" ಅಂದಳು. 'ಬಾ' ಅನ್ನಲಿಲ್ಲ. ನನ್ನ ಫೋನ್ ನಂಬರನ್ನು ಅವಳ ಸೊಸೆ ಬರೆದುಕೊಂಡಳು.

ಬಸ್ಸು ಜೂರಾಲ ಕಟ್ಟೆಯ ಮೇಲೆ ಬರುವಾಗ ಫೋನು ಬಂತು. ಹಲೋ ಇಲ್ಲ, ಏನಿಲ್ಲ. "ಮನಿ ಮುಟ್ಟಿದಿ?" ಎಂದು ಗೌರಿಯ ದನಿ. 'ರಿ' ಇರಲಿಲ್ಲ. "ಇನ್ನ ಇಲ್ಲವಾ" ಅಂದೆ. "ಮುಟ್ಟಿದ ಮ್ಯಾಲೆ ಹೇಳು" ಎಂದು ಇಟ್ಟಳು. ಕೃಷ್ಣೆ ತುಂಬಿ ನಿಂತಿದ್ದಳು. ಪಕ್ಕದವಳಿಗೆ ಕಾಣದಂತೆ ಸೆರಗು ಬಾಯಿಗೆ ಒತ್ತಿಕೊಂಡೆ.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ, ಬೇಕಾದರೆ ನಾನು ಅಲ್ಲಿಗೆ ಬಂದ ಮೇಲೂ ಮುಖ ತಿರುವಿಕೊಂಡೇ ಕೂರುತ್ತೇನೆ. ಆದರೆ ಬಸ್ಸಿನಿಂದ ಇಳಿದು ಓಣಿಗೆ ಕಾಲಿಡುತ್ತಲೇ, ಗೌರಿ ಫೋನ್ ಮಾಡಿದಳು ಎಂದು ಹೇಳಲು ನೆಟ್ಟಗೆ ನಿನ್ನ ಬಾಗಿಲಿಗೇ ನಡೆದುಬಿಟ್ಟಿದ್ದೆ. ಬಾಗಿಲಿಗೆ ಬಿದ್ದ ಕೀಲಿ ನೋಡಿದ ಮೇಲೆಯೇ ಎಚ್ಚರವಾದದ್ದು. ಇಷ್ಟು ವರ್ಷ ಎಲ್ಲವನ್ನೂ ನಿನಗೇ ಹೇಳಿದ್ದು. ಇದನ್ನು ಇನ್ನು ಯಾರಿಗೆ ಹೇಳಲಿ, ನೀನೇ ಹೇಳು.

ಬಸಮ್ಮ