ಅಮ್ಮನ ಪಾಪಕ್ಕೆ ನಾನು ದುಭಾಷಿ

ಜೂನ್ 6, 2011
ಬೆಳಿಗ್ಗೆ ಕಾಫಿ ಹಣ್ಣು ಕಿತ್ತಿದ್ದು, ಸಂಜೆ ಸಿಪ್ಪೆ ಸುಲಿದಿದ್ದು. ಬೆರಳೆಲ್ಲ ಅಂಟು. ಅಮ್ಮನಿಗೆ ಎದೆನೋವು ಜಾಸ್ತಿ. ಪಾಪನಿವೇದನೆ ಆಗದೆ ಸಾಯುವುದಿಲ್ಲವಂತೆ... ಸಾಯುವುದಕ್ಕೂ ಷರತ್ತು. ಹೊಸ ಪಾದ್ರಿ ತಿಮೋರಿನ ಪೂರ್ವದ ಕಡೆಯವರು. ತೇತುಂ ಬರುತ್ತದೆ, ಪೋರ್ಚುಗೀಸ್ ಬರುತ್ತದೆ, ನಮ್ಮ ಮಂಬಾಯ್ ಭಾಷೆ ಬರುವುದಿಲ್ಲ. ಅಮ್ಮನಿಗೆ ಮಂಬಾಯ್ ಬಿಟ್ಟು ಬೇರೇನೂ ಬರುವುದಿಲ್ಲ.
"ನಾನು ನಡುವೆ ಕೂತು ಹೇಳ್ತೀನಿ ಬಿಡಮ್ಮ."
"ನೀನು ಬೇಡ. ಗಾಸ್ಪಾರ್ ಬರ್ಲಿ."
ಗಾಸ್ಪಾರ್ ಚರ್ಚಿನ ಉಪದೇಶಿ. ಅವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಮಗಳಿಗಿಂತ ಅವನ ಮೇಲೆ ನಂಬಿಕೆ. ಬೇಜಾರಾಯಿತು.

ಜೂನ್ 9
ಗಾಸ್ಪಾರನಿಗೆ ಮಲೇರಿಯಾ. ಅಮ್ಮ ಕಾಯುತ್ತೇನೆ ಅಂದಳು. ಉಸಿರೂ ಕಾಯಬೇಕಲ್ಲ.
ಶಾಲೆಯ ಮೇಷ್ಟ್ರು ಪೋರ್ಚುಗೀಸ್ ಸರ್ಕ್ಯುಲರ್ ಓದಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದರು. ನಗು ಬಂತು. ತಿಮೋರಿಗೆ ಸ್ವಾತಂತ್ರ್ಯ ಬಂದ ವರ್ಷ ನಾನೂ ಶಿಕ್ಷಕಿಯ ಕೆಲಸಕ್ಕೆ ಪರೀಕ್ಷೆ ಬರೆದಿದ್ದೆ. ರಾಜಧಾನಿ ಡಿಲಿಯಿಂದ ಉತ್ತರವೇ ಬರಲಿಲ್ಲ. ಫೇಲ್ ಅಂದುಕೊಂಡು ಸೊಂಟಕ್ಕೆ ಕಾಫಿ ಬುಟ್ಟಿ ಕಟ್ಟಿಕೊಂಡೆ.

ಜೂನ್ 14, ಮಧ್ಯಾಹ್ನ
ಪಾದ್ರಿ ಬಂದರು. ನಾನು ನಡುವೆ ಕೂರಲು ಅಮ್ಮ ಕೊನೆಗೂ ಒಪ್ಪಿ ತಲೆಯಾಡಿಸಿದಳು.
"ಎಟೆಲ್ವಿನಾ, ನಡುವೆ ಕೂತವರ ಬಾಯಿಗೂ ಬೀಗ. ತಿಳೀತಾ?" ಪಾದ್ರಿ ನನಗೆ ಹೇಳಿದರು.
ತಿಳಿಯಿತು. ಆದರೂ ಬರೆಯುತ್ತಿದ್ದೇನೆ.
ಮೊದಲು ಸಣ್ಣಪುಟ್ಟವು — ಚರ್ಚಿನ ಪೂಜೆ ತಪ್ಪಿಸಿದ್ದು, ನಾದಿನಿಗೆ ಬೈದದ್ದು. ಆಮೇಲೆ ಗೋಡೆ ಕಡೆ ತಿರುಗಿದಳು.
"ಡಿಲಿಯಿಂದ ಇವಳಿಗೆ ಕೆಲಸದ ಕಾಗದ ಬಂದಿತ್ತು. ಗಾಸ್ಪಾರ್ ಓದಿ ಹೇಳ್ದ. ಒಲೆಗೆ ಹಾಕ್ಬಿಟ್ಟೆ. ಗಿಡದ ತುಂಬ ಹಣ್ಣು, ಕೀಳೋಕೆ ಇನ್ಯಾರಿದ್ರು?"
"ಏನಂತೆ?" ಪಾದ್ರಿ ಕೇಳಿದರು.
"ಕದ್ದಿದ್ದಾಳಂತೆ, ಫಾದರ್."
"ಕಳ್ಕೊಂಡೋರು ಕ್ಷಮಿಸಿದ್ದಾರಾ, ಕೇಳು."
ಅಮ್ಮನನ್ನು ಕೇಳಲಿಲ್ಲ. "ಇನ್ನೂ ಇಲ್ಲ" ಎಂದೆ.
ಪಾದ್ರಿ ಕೈಯೆತ್ತಿ ಪ್ರಾರ್ಥನೆ ಹೇಳಿ ಮುಗಿಸಿದರು. ಅಮ್ಮನಿಗೆ ನಿದ್ದೆ. ನನಗೆ ಸಿಟ್ಟು. ತೋಟಕ್ಕೆ ಹೋಗಿ ಎರಡು ಬುಟ್ಟಿ ಕಿತ್ತೆ.

ಜೂನ್ 19
ಅಮ್ಮ ಗಂಜಿ ಬಿಟ್ಟಿದ್ದಾಳೆ ಎಂದು ನಿನ್ನೆ ಬರೆಯಬೇಕಿತ್ತು.
ಇವತ್ತು ಬೆಳಿಗ್ಗೆ ಕೇಳಿದಳು — "ಆವತ್ತು ಫಾದರ್‌ಗೆ ಕೊನೇಲಿ ಏನಂದೆ?"
"ಕ್ಷಮೆ ಆಯ್ತಮ್ಮ, ಮಲ್ಕೋ."
"ದೇವ್ರು ಮಾಡ್ತಾನೆ, ಅದು ಗೊತ್ತು. ನೀನು?"
ಹೊರಗೆ ಮೋಡ ಕವಿದಿತ್ತು. ಅಂಗಳದಲ್ಲಿ ಕಾಫಿ ಹರಡಿತ್ತು. ಮುಚ್ಚಿ ಬರುತ್ತೇನೆ ಎಂದು ಎದ್ದೆ. ಮುಚ್ಚಿದೆ, ಕಲ್ಲು ಹೇರಿದೆ. ನಾನೂ ಕ್ಷಮಿಸಿದೆ ಅಂತ ಹೇಳಿಬಿಡೋಣ ಎಂದುಕೊಂಡೇ ಒಳಗೆ ಬಂದೆ. ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ. ಆದರೂ ಹೇಳಿದೆ. ಎರಡು ಸಲ. ಮಂಬಾಯ್ ಭಾಷೆಯಲ್ಲಿ, ನಿಧಾನವಾಗಿ, ಅವಳಿಗೆ ಅರ್ಥವಾಗುವ ಹಾಗೆ.