ಹಿಂದಿನ ಗೋಡೆಗೆ ಬಾಗಿಲು

ಅಣ್ಣಾ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಅದಕ್ಕೂ ಒಂದು ಸಭೆ ಕರೆದು ಭಾಷಣ ಬಿಗಿಯುತ್ತೀಯ.

ಇವತ್ತು ಅವ್ವ ಹಾರೆ ಹಿಡಿದು ಮನೆಯ ಹಿಂದಿನ ಗೋಡೆ ಒಡೆದಳು. ನಮ್ಮನ್ನು ಕಾಡಿನಿಂದ ಎಬ್ಬಿಸಿ ಈ ಕಾಲೊನಿಗೆ ತಂದು ಹಾಕಿದಾಗ ಮನೆಗಳ ನಕ್ಷೆ ಬರೆದವನು ನೀನು, ನಮ್ಮ ಜನರಲ್ಲೇ ಮೊದಲ ಇಂಜಿನಿಯರ್. ಬಾಗಿಲೆಲ್ಲ ರಸ್ತೆಗೆ, ಕಾಡಿನ ಕಡೆ ಒಂದು ಕಿಟಕಿಯೂ ಇಲ್ಲ. ಸತ್ತವರು ಕಾಡಿನ ಕಡೆಯ ಬಾಗಿಲಿನಿಂದ ಮನೆಗೆ ಬರುತ್ತಾರೆಂದು ಗೊತ್ತಿಲ್ಲದ ಹೊರಗಿನವನು ಬರೆದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅಪ್ಪ ತೀರಿಹೋದಾಗ, ಕಾಡಿನ ಮನೆಯಲ್ಲಿ ಆ ಬಾಗಿಲು ಮುಚ್ಚಲು ಬಿಡದೆ ಹೊಸ್ತಿಲ ಮೇಲೇ ಮಲಗಿದವನು ನೀನು. ಉದ್ಘಾಟನೆಗೆ ಬಂದು, ನಿನ್ನ ಎತ್ತರಕ್ಕೆ ಯಾರ ಕೈಯೂ ಎಟುಕದೆ ಬಗ್ಗಿ ಹಾರ ಹಾಕಿಸಿಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಕಾಲೊನಿಯ ಮೇಲ್ವಿಚಾರಕ ಓಡಿ ಬಂದ. "ಏನಮ್ಮಾ ಇದು? ನಿನ್ನ ಮಗನೇ ಹಾಕಿದ ಪ್ಲಾನು!"

"ರಸ್ತೆ ಕಡೆಯಿಂದ ಬರೋರು ನೆಂಟರು ಕಣಪ್ಪಾ. ಮನೆಯೋರು ಬರೋದು ಈ ಕಡೆಯಿಂದ," ಎಂದಳು ಅವ್ವ, ಹಾರೆ ಕೆಳಗಿಡದೆ. ಅವನು ಗೊಣಗುತ್ತ ಹೋದ.

ಸಂಜೆ ಗಾರೆಯವನು ಚೌಕಟ್ಟು ನಿಲ್ಲಿಸಲು ಅವ್ವನ ಎತ್ತರ ನೋಡಿ ಗುರುತು ಹಾಕಿದ. "ಇನ್ನೂ ಮೇಲಕ್ಕೆ ಹಾಕಪ್ಪಾ, ತಲೆ ಬಡಿಯುತ್ತೆ," ಎಂದಳು. ಅಷ್ಟು ಎತ್ತರದವರು ಈಗ ನಮ್ಮ ಮನೆಯಲ್ಲಿ ಯಾರಿದ್ದಾರೆಂದು ನಾನು ಕೇಳಲಿಲ್ಲ. ಅಪ್ಪನೂ ಕುಳ್ಳನೇ.

ಚೌಕಟ್ಟಿಗೂ ಗೋಡೆಗೂ ನಡುವೆ ಸಂದು ಉಳಿದಿದೆ. ಈ ಕಾಗದ ಮಡಿಸಿ ಅಲ್ಲಿಗೆ ತುರುಕುತ್ತೇನೆ. ನಾಳೆ ಗಾರೆಯವನು ಸಿಮೆಂಟು ಮೆತ್ತುತ್ತಾನೆ. ನೀನು ಬಂದರೆ ಮುಂದಿನ ಬಾಗಿಲು ತಟ್ಟು. ನೆಂಟರಿಗೆಂದು ಒಂದು ಕುರ್ಚಿ ಇದೆ.